ಮದುವೆಗೆ ಹೋಗದ ಪೀಪಾಯಿ

ಸಾರೆಮಾ ದ್ವೀಪ
ಜುಲೈ 29

ಮಗಳೇ ಐಲಿ,

ನೀನೂ ಬ್ರೆಂಡನ್ನೂ ಸುಖವಾಗಿದ್ದೀರಿ ಎಂದುಕೊಂಡಿದ್ದೇನೆ. ಮದುವೆಯಾಗಿ ಮೂರು ವಾರವಾದರೂ ಬರೆಯಲಿಲ್ಲ, ಬೈದುಕೋ. ಆಲೂಗಡ್ಡೆ ಹೂ ಬಿಟ್ಟಿದೆ. ನಿನ್ನ ಅಮ್ಮ ಇದ್ದಿದ್ದರೆ ತೋಟದ ಹಣ್ಣು ಹೀಗೆ ಹಕ್ಕಿಗಳ ಪಾಲಾಗಲು ಬಿಡುತ್ತಿರಲಿಲ್ಲ. ಪಕ್ಕದ ಮನೆ ಎಲ್ಮಾರ್ ದಿನಾ ಬೇಲಿಯಾಚೆಯಿಂದ ನಿನ್ನ ಸುದ್ದಿ ಕೇಳುತ್ತಾನೆ. ಏನು ಹೇಳಲಿ?

ಮದುವೆಯ ದಿನ ಕಾರು ಕೆಟ್ಟಿತ್ತು ಎಂದು ಫೋನಿನಲ್ಲಿ ಹೇಳಿದೆನಲ್ಲ, ಕೆಟ್ಟಿರಲಿಲ್ಲ.

"ಅವತ್ತೊಂದು ದಿನ ಕುಡೀದೆ ಬಾ ಅಪ್ಪ" ಎಂದಿದ್ದೆ ನೀನು. ವೋಡ್ಕಾ ಮುಟ್ಟಲಿಲ್ಲ, ನಿಜ. ಆದರೆ ಮಗಳ ಮದುವೆಗೆ ಅಪ್ಪ ಬಿಯರ್ ಕಾಯಿಸದಿದ್ದರೆ ನಮ್ಮ ದ್ವೀಪದವರು ಏನೆಂದಾರು? ಜುನಿಪರ್ ಕೊಂಬೆ ಹಾಸಿ ಸೋಸಿ ಪೀಪಾಯಿ ತುಂಬಿಸಿದೆ. ಮದುವೆಯ ಹಿಂದಿನ ಸಂಜೆ ಎಲ್ಮಾರ್ ನಮ್ಮ ಸೌನಾದಲ್ಲಿ ಹಬೆಸ್ನಾನಕ್ಕೆ ಬಂದ. ಬಿಯರಿನ ರುಚಿ ನೋಡೋಣ ಎಂದ, ನಾನು ಬೇಡವೆಂದೆ.

"ಮನೆ ಬಿಯರ್ ಕುಡಿತ ಆಗತ್ತೇನೋ ಆರ್ವೊ? ಅದು ಊಟ ಕಣೋ. ಮಾಡಿದೋನೇ ಬಾಯಿಗಿಡಲಿಲ್ಲ ಅಂದ್ರೆ ಬೀಗರು ವಿಷ ಅಂದ್ಕೋತಾರೆ" ಎಂದ.

ಮರದ ಚೊಂಬು ಅವನ ಕೈಯಿಂದ ನನ್ನ ಕೈಗೆ, ನನ್ನಿಂದ ಅವನಿಗೆ. ಬೀಗರೆದುರು ಮಾಡಬೇಕಿದ್ದ ಭಾಷಣವನ್ನೂ ಅವನಿಗೇ ಒಪ್ಪಿಸಿದೆ. ಬೀಗರಿಗೆ ನಮ್ಮ ಭಾಷೆ ಬಾರದಲ್ಲ, ಅದಕ್ಕೇ ಕಾಲೇಜಿನ ಇಂಗ್ಲಿಷು: "ಲೇಡೀಸ್ ಅಂಡ್ ಜಂಟಲ್‌ಮೆನ್, ಮೈ ಓನ್ಲಿ ಡಾಟರ್..." ಮುಂದಿನದು ಆಗಲೂ ನೆನಪಾಗಲಿಲ್ಲ, ಈಗಲೂ ಇಲ್ಲ.

ಬೆಳಿಗ್ಗೆ ಸೂಟು ಹಾಕಿ, ಪೀಪಾಯಿಯನ್ನು ಹಿಂದಿನ ಸೀಟಿಗೆ ಕಟ್ಟಿ ಹೊರಟೆ. ಹಡಗುಕಟ್ಟೆಯಲ್ಲಿ ಪೊಲೀಸರು ಒಂದು ಕಾರನ್ನೂ ಬಿಡದೆ ನಿಲ್ಲಿಸಿ ಊದಿಸುತ್ತಿದ್ದರು. ತಲೆ ತಿಳಿಯಾಗಿಯೇ ಇತ್ತು, ಜಂಬದಿಂದಲೇ ಊದಿದೆ. ಪೊಲೀಸ್ ಹುಡುಗಿ ಯಂತ್ರ ನೋಡಿದಳು, ನನ್ನ ಕೋಟಿನ ಹೂ ನೋಡಿದಳು. "ಮದುವೆಗಾ, ತಾತ?" ಎಂದು ಮೆಲ್ಲಗೆ ಕೇಳಿ ಕಾರಿನ ಕೀಲಿ ಇಸಿದುಕೊಂಡಳು.

ಮದುವೆಯಲ್ಲಿ ನನ್ನ ಬದಲು ನಿನ್ನ ಕೈ ಹಿಡಿದು ನಡೆಸಿದ್ದು ಬ್ರೆಂಡನ್‌ನ ಅಪ್ಪನಂತೆ. ದೊಡ್ಡ ಮನಸ್ಸು. ಅವರ ಮುಖ ನೋಡುವ ಧೈರ್ಯ ನನಗಿಲ್ಲ, ನೀನೇ ನನ್ನ ನಮಸ್ಕಾರ ತಿಳಿಸು. ಇಬ್ಬರೂ ನಗುನಗುತ್ತಾ ಬಾಳಿ, ನಿಮ್ಮ ಮನೆ ತುಂಬಿರಲಿ.

ನಿನ್ನ ಅಪ್ಪ,
ಆರ್ವೊ

ತಾ.ಕ.: "ಕಾರು ಮಾತ್ರ ಇಲ್ಲಿರಲಿ, ನೀವು ನಡೆದೇ ಹಡಗು ಹತ್ತಿ, ಆಚೆ ದಡದಲ್ಲಿ ಟ್ಯಾಲಿನ್ ಬಸ್ಸು ಸಿಗುತ್ತದೆ" ಎಂದಳು ಆ ಪೊಲೀಸ್ ಹುಡುಗಿ. ಹತ್ತಿದ್ದರೆ ಹೊತ್ತಿಗೆ ಸರಿಯಾಗಿ ತಲುಪುತ್ತಿದ್ದೆ. ಹಡಗಿನ ಬಾಗಿಲವರೆಗೂ ಹೋದೆ. ನಾನು ಕುಡಿದು ಹತ್ತಿರ ಬಂದಾಗಲೆಲ್ಲ ನಿನ್ನ ಅಮ್ಮ ಉಸಿರು ಬಿಗಿಹಿಡಿದು ಮುಖ ತಿರುಗಿಸುತ್ತಿದ್ದಳು. ಅವಳನ್ನು ನೋಡಿ ನೀನೂ ಕಲಿತೆ. ಮದುವಣಗಿತ್ತಿಯ ಬಟ್ಟೆಯಲ್ಲಿ, ಅಷ್ಟು ಜನರೆದುರು, ನೀನು ಹಾಗೆ ಮುಖ ತಿರುಗಿಸಿಬಿಟ್ಟರೆ? ಹಡಗು ಹೋಯಿತು. ಮರುದಿನ ಎಲ್ಮಾರ್ ಪೀಪಾಯಿ ಸಮೇತ ಕಾರು ತಂದುಕೊಟ್ಟ. ಬಿಯರ್ ಹುಳಿಯಾದಮೇಲೂ ನಾನು ಬಿಡಲಿಲ್ಲ. ಪತ್ರ ಇಷ್ಟು ತಡವಾದದ್ದು ಯಾಕೆಂದರೆ, ನಿನ್ನ ಪೀಪಾಯಿ ಖಾಲಿಯಾದದ್ದು ನಿನ್ನೆ.