ಕಂಬಳಿಗೆ ಮೈಲಿಗೆಯಿಲ್ಲ

ಬೇಗೂರು,
ಗುರುವಾರ, ೧೩ ಮಾರ್ಚ್ ೨೦೨೫

ಪುಟ್ಟಿಯ ಅಪ್ಪನವರಿಗೆ,

ನಿಮ್ಮ ಸುಧಾಮಣಿಯ ನಮಸ್ಕಾರ. ಹೇಗಿದ್ದೀರಿ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀರಾ, ಇಲ್ಲ ನಿಮ್ಮ ಜೊತೆ ಕೆಲಸದ ಶಿವಮಲ್ಲು ತಿರುವಿದ ಗಂಟುಗಂಟು ಮುದ್ದೆಯನ್ನೇ ನುಂಗಿಕೊಂಡು ಕಾಡಿಗೆ ಬೆಂಕಿ ಬೀಳದ ಹಾಗೆ ಕಾಯಲು ಓಡುತ್ತಿದ್ದೀರಾ? ಬೇಗೂರಿನಲ್ಲೇ ಬಿಸಿಲು ಹೀಗಿದೆ, ನಿಮ್ಮ ಮದ್ದೂರು ರೇಂಜಿನ ಕಾಡು ಇನ್ನೆಷ್ಟು ಒಣಗಿ ನಿಂತಿದೆಯೋ. ತಲೆಗೆ ಟವಲ್ ಸುತ್ತಿಕೊಳ್ಳಿ. ನೀರಿನ ಕ್ಯಾನು ಬಿಟ್ಟು ಹೋಗಬೇಡಿ. ನಿಮ್ಮ ಕ್ಯಾಂಪಿನಲ್ಲಿ ಫೋನು ಸಿಗುವುದಿಲ್ಲ. ಅಪರೂಪಕ್ಕೆ ದಿಣ್ಣೆ ಹತ್ತಿ ಮಾಡಿದರೂ "ಚೆನ್ನಾಗಿವ್ನಿ ಕಣೆ, ಮಗ ಎಂಗದೆ" ಎಂದು ಕೇಳಿ, ನಾನು ಬಾಯಿ ತೆರೆಯುವುದರೊಳಗೆ ಇಟ್ಟುಬಿಡುತ್ತೀರಿ. ಅದಕ್ಕೇ ಕಾಗದ. ಟೈಲರಿಂಗ್ ಮಿಷನ್ನಿನ ಮೇಲೆ ಹಲಗೆ ಇಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ನಗಬೇಡಿ. ನಾಳೆ ನಿಮಗೆ ರೇಷನ್ ತರುವ ಜೀಪಿನ ಮಾದೇವಣ್ಣ ಇದರ ಜೊತೆಗೆ ಒಂದು ಚೀಲವನ್ನೂ ಕೊಡುತ್ತಾರೆ. ಚೀಲ ಆಮೇಲೆ ಬಿಚ್ಚುವಿರಂತೆ, ಮೊದಲು ಇದನ್ನು ಪೂರ್ತಿ ಓದಿ.

ನೀವು ಸಂಕ್ರಾಂತಿ ಕಳೆದ ಮೇಲೆ ಬಂದು ಹೋದವರು ಮತ್ತೆ ಬರಲಿಲ್ಲ. ಶಿವರಾತ್ರಿಗೂ ನಿಮ್ಮ ರಜೆಯನ್ನು ಶಿವಮಲ್ಲುವಿಗೆ ಬಿಟ್ಟುಕೊಟ್ಟಿರಂತೆ, ದೊಡ್ಡ ಕರ್ಣ. ಬಂದಾಗಲಾದರೂ ಹೇಗಿದ್ದಿರಿ? ಜಗಲಿಯ ಮೇಲೆ ಮಾವನವರ ಕರಿ ಕಂಬಳಿ ಹಾಸಿಕೊಂಡು ಒಬ್ಬರೇ ಮಲಗಿದಿರಿ. ಪುಟ್ಟಿ "ಎತ್ಕೋ" ಎಂದು ಕೈ ಚಾಚಿದರೆ, ಸುಸ್ತಾಗಿದೆ ಎಂದು ಮುಖ ತಿರುಗಿಸಿದಿರಿ. ಮೈ ಕೆರೆದುಕೊಳ್ಳುತ್ತಿದ್ದುದನ್ನು ನೋಡಿ ಕೇಳಿದ್ದಕ್ಕೆ ಕಾಡಿನ ಉಣ್ಣೆ ಕಚ್ಚಿದೆ ಅಂದಿರಿ. ನಾನು ಏನೇನೋ ಅಂದುಕೊಂಡೆ. ಮನೆ ಬೇಡವಾಯಿತೇನೋ, ನಾನು ಬೇಡವಾದೆನೇನೋ ಎಂದು ಬ್ಲೌಸು ಹೊಲಿಯುತ್ತಾ ಹೊಲಿಯುತ್ತಾ ಅತ್ತೂ ಇದ್ದೇನೆ. ನಿಮ್ಮ ಅವ್ವನನ್ನು ಕೇಳಿದರೆ "ಗಂಡಸ್ರಿಗೆ ಸಾವ್ರ ಇರ್ತದೆ, ಸುಮ್ಕಿರು ಕಣಮ್ಮಿ" ಎಂದು ಎಲೆಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಎಲ್ಲಾ ಗೊತ್ತಿದ್ದೂ ಹಾಗನ್ನುತ್ತಿದ್ದರು ಅನ್ನುವುದು ನನಗೆ ತಿಳಿದದ್ದು ಮೊನ್ನೆ.

ನೀವು ಹೋಗಿ ತಿಂಗಳಾಗುವ ಹೊತ್ತಿಗೆ ಪುಟ್ಟಿಗೆ ತುರಿಕೆ ಶುರುವಾಯಿತು. ಗಾಬರಿಯಾಗಬೇಡಿ, ಈಗ ಚೆನ್ನಾಗಿದ್ದಾಳೆ, ಈ ಕ್ಷಣ ಪಕ್ಕದಲ್ಲೇ ಕೂತು ನನ್ನ ಸೀಮೆಸುಣ್ಣದಲ್ಲಿ ನೆಲದ ತುಂಬ ಆನೆ ಬರೆಯುತ್ತಿದ್ದಾಳೆ. ಬೆರಳ ಸಂದಿ, ಮುಂಗೈ, ಹೊಕ್ಕಳ ಸುತ್ತ ಕೆಂಪು ಗುಳ್ಳೆ. ಹಗಲೆಲ್ಲ ಆಡಿಕೊಂಡಿರುವವಳು ಮಲಗಿದರೆ ಸಾಕು, ಕೆರೆದು ಕೆರೆದು ಅಳುವಳು. ಹಿಂದೆಯೇ ನನಗೂ ಬಂತು. ಅವ್ವ ಬೇವಿನಸೊಪ್ಪು ಅರಿಶಿನ ಅರೆದು ಬಳಿದರು, ಕೇರಿಯ ಹುತ್ತಕ್ಕೆ ಹಾಲು ಎರೆದು ಬಂದರು. ನಾನು ಬುದ್ಧಿವಂತೆ, ಗುಂಡ್ಲುಪೇಟೆಗೆ ಹೋಗಿ ಒಂದು ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಟ್ಯೂಬು ತಂದು ಹಚ್ಚಿದೆ. ಎರಡು ದಿನ ತಣ್ಣಗಾಯಿತು, ಆಮೇಲೆ ಮೊದಲಿಗಿಂತ ಹೆಚ್ಚಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಅಂತಾರಲ್ಲ, ಹಾಗಾಯಿತು ನನ್ನ ವೈದ್ಯ. ಕಡೆಗೆ ಉಡಿಗಾಲದಿಂದ ನಮ್ಮ ನಾಗೇಂದ್ರ ಫೋನು ಮಾಡಿದವನು, ಚಾಮರಾಜನಗರದಲ್ಲಿ ಒಬ್ಬರು ಚರ್ಮದ ಡಾಕ್ಟರಮ್ಮ ಇದ್ದಾರೆ, ಕಂಡಕಂಡದ್ದು ಬಳಿಯಬೇಡ, ಮೊದಲು ಅಲ್ಲಿಗೆ ಕರೆದುಕೊಂಡು ಬಾ ಎಂದು ತಮ್ಮನಾದರೂ ನನಗೇ ಗದರಿದ. ತಾವೂ ಬರುತ್ತೇನೆಂದು ಅವ್ವ ಹೊರಟರು. ಕಾಯಿಲೆ ನೋಡುವುದಕ್ಕಲ್ಲ, ಡಾಕ್ಟರು ಮಗುವಿಗೆ ಸೂಜಿ ಚುಚ್ಚದ ಹಾಗೆ ಕಾಯುವುದಕ್ಕೆ.

ಡಾಕ್ಟರಮ್ಮ ಸೂಜಿ ಗೀಜಿ ಏನೂ ಮುಟ್ಟಲಿಲ್ಲ. ಪುಟ್ಟಿಯ ಬೆರಳುಗಳನ್ನು ಬಿಡಿಸಿ, ಬೆಳಕು ಬರುವ ಒಂದು ಭೂತಗನ್ನಡಿಯನ್ನು ಸಂದಿಗೆ ಹಿಡಿದು, ಅದನ್ನೇ ಫೋನಿನಲ್ಲಿ ಫೋಟೋ ತೆಗೆದು ನಮಗೆ ತೋರಿಸಿದರು. ಚರ್ಮದೊಳಗೆ ಸಣ್ಣ ಸೊಟ್ಟ ಗೆರೆ, ಗೆರೆಯ ತುದಿಯಲ್ಲಿ ಒಂದು ಕಪ್ಪು ಚುಕ್ಕಿ. ಆ ಚುಕ್ಕಿಯೇ ಹುಳವಂತೆ. ಹೆಣ್ಣು ಹುಳ ಚರ್ಮ ಕೊರೆದುಕೊಂಡು ಹೋಗುತ್ತಾ ದಾರಿಯುದ್ದಕ್ಕೂ ಮೊಟ್ಟೆ ಇಡುತ್ತದಂತೆ. ಇದಕ್ಕೆ ಕಜ್ಜಿ ಅಂತಲೇ ಹೆಸರು, ಕೊಳಕಾಗಿರುವವರಿಗೇ ಬರುತ್ತದೆ ಅನ್ನುವುದು ಸುಳ್ಳು, ಒಟ್ಟಿಗೆ ಮಲಗಿದರೆ, ಒಂದೇ ಹೊದಿಕೆ ಹೊದ್ದರೆ ಯಾರಿಗಾದರೂ ಬರುತ್ತದೆ ಎಂದರು. ನಾನು ತಂದಿದ್ದ ಟ್ಯೂಬು ಉರಿಯನ್ನು ಅಡಗಿಸುತ್ತದೆಯೇ ಹೊರತು ಹುಳವನ್ನು ಕೊಲ್ಲುವುದಿಲ್ಲವಂತೆ, ಮೇಲೆ ಕಾಯಿಲೆಯ ಗುರುತನ್ನೇ ಮರೆಮಾಡುತ್ತದಂತೆ. ಅವ್ವ ಆ ಫೋಟೋವನ್ನು ಕಣ್ಣ ಹತ್ತಿರಕ್ಕೆ ಹಿಡಿದು ಬಹಳ ಹೊತ್ತು ನೋಡಿದರು. "ಇದು ಗೆದ್ಲು ದಾರಿ ಮಾಡ್ದಂಗೆ ಅದೆಯಲ್ಲವ್ವ" ಅಂದರು.

ಮನೆಯಲ್ಲಿ ಮೊದಲು ಯಾರಿಗೆ ಬಂತು ಎಂದು ಡಾಕ್ಟರಮ್ಮ ಕೇಳಿದಾಗ ನಾನು ನಿಮ್ಮ ಹೆಸರು ಹೇಳಿದೆ. ಅಷ್ಟಕ್ಕೇ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಅಳಲು ಶುರುಮಾಡಿದರು. ಕಾಡ್ಗಿಚ್ಚು ದಾಟದಿರಲೆಂದು ನೀವು ಬೆಂಕಿ ರೇಖೆ ಸುಡುವಾಗ ಹುಲ್ಲಿನ ಮರೆಯಲ್ಲಿದ್ದ ಒಂದು ಹುತ್ತಕ್ಕೆ ಉರಿ ಹತ್ತಿದ್ದು, ನೀವು ಸೊಪ್ಪು ಮುರಿದು ಬಡಿದರೂ ಆರದೇ ಹೋದದ್ದು, ಅದಾದ ಮೇಲೆ ಮೈ ತುರಿಸಲು ಶುರುವಾದದ್ದು, ಎಲ್ಲವನ್ನೂ ಹೇಳಿದರು. "ನಾಗಪ್ಪನ ಶಾಪ ಕಣವ್ವ. ಮಗೀನ ಮುಟ್ಬ್ಯಾಡ ಕಣ್ಲಾ, ಅದ್ಕೂ ತಟ್ತದೆ, ತನಿ ಎರ್ಯೋಗಂಟ ಒಳೀಕೆ ಬರ್ಬ್ಯಾಡ ಅಂತ ನಾನೇ ಅಂದ್ಬುಟ್ಟೆ." ಅಷ್ಟೂ ಜನರ ಮುಂದೆ ಹಾಗಂದು ಕೂತರು. ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಇಷ್ಟು ದಿನ ಇದನ್ನು ಒಬ್ಬರೇ ಹೊತ್ತುಕೊಂಡು ಕಾಡಿನಲ್ಲಿ ಕೂತಿದ್ದೀರಲ್ಲ ಅಂದುಕೊಂಡೆ.

ಡಾಕ್ಟರಮ್ಮ ನಗಲಿಲ್ಲ, ಬೈಯಲೂ ಇಲ್ಲ. ಹಾವೂ ಸಾಯಬಾರದು ಕೋಲೂ ಮುರಿಯಬಾರದು, ಹಾಗೆ ಮಾತಾಡಿದರು. "ನಾಗಪ್ಪನ ವಿಚಾರ ನಿಮಗೆ ಗೊತ್ತಮ್ಮ, ಹುಳದ ವಿಚಾರ ನನಗೆ ಗೊತ್ತು. ನೀವು ಹಾಲೆರೀರಿ, ನಾನು ಔಷಧಿ ಕೊಡ್ತೀನಿ." ಆಮೇಲೆ ಕ್ಯಾಂಪಿನಲ್ಲಿ ಹೇಗೆ ಮಲಗುತ್ತಾರೆ ಎಂದು ಕೇಳಿದರು. ರೌಂಡ್ಸ್ ಮುಗಿಸಿ ಬಂದವನು ಎದ್ದು ಹೋದವನ ರಗ್ಗಿನೊಳಗೇ ತೂರಿಕೊಳ್ಳುವುದನ್ನು, "ನಮ್ ಕ್ಯಾಂಪಲ್ಲಿ ರಗ್ಗು ತಣ್ಣಗಾಗೋದೇ ಇಲ್ಲ" ಎಂದು ನೀವು ಜಂಬ ಕೊಚ್ಚುವುದನ್ನು ಹೇಳಿದೆ. ಹಾಗಾದರೆ ಅಲ್ಲಿ ಎಲ್ಲರಿಗೂ ಇರುತ್ತದೆ, ಒಬ್ಬರಿಗೆ ಮೊದಲು, ಒಬ್ಬರಿಗೆ ಆಮೇಲೆ, ಅಷ್ಟೇ ಎಂದರು. ನಿಜ ಹೇಳಿ, ಶಿವಮಲ್ಲು ಕೆರೆದುಕೊಳ್ಳುತ್ತಿಲ್ಲವಾ? ಅವನು ಯಾವ ಹುತ್ತ ಸುಟ್ಟಿದ್ದ?

ಔಷಧಿಯ ಕ್ರಮ ಹೀಗೆ. ರಾತ್ರಿ ಕುತ್ತಿಗೆಯಿಂದ ಅಂಗಾಲಿನವರೆಗೆ ಹಚ್ಚಬೇಕು, ಬೆರಳ ಸಂದಿ, ಉಗುರಿನಡಿ, ಕಂಕುಳು, ಹೊಕ್ಕಳು, ನಾಚಿಕೆ ಬಿಟ್ಟು ತೊಡೆಸಂದಿಗೂ. ಒಂದು ಬೆರಳಗಲ ಜಾಗವೂ ಬಿಡಬಾರದು. ಬೆಳಿಗ್ಗೆ ಸ್ನಾನ. ವಾರದ ಮೇಲೆ ಇನ್ನೊಂದು ಸಲ. ತುರಿಕೆ ಇರಲಿ ಬಿಡಲಿ, ಒಟ್ಟಿಗಿರುವವರೆಲ್ಲ ಒಂದೇ ರಾತ್ರಿ ಹಚ್ಚಬೇಕು, ಒಬ್ಬರು ತಪ್ಪಿಸಿಕೊಂಡರೂ ಅವರಿಂದ ಮತ್ತೆ ಸುತ್ತು ಶುರು. ಹಚ್ಚಿದ ಮೇಲೂ ಕೆಲವು ವಾರ ತುರಿಕೆ ಉಳಿಯುತ್ತದೆ, ಹೆದರಬಾರದು. ನಿಮ್ಮ ಅವ್ವ ತಮಗೇನೂ ಇಲ್ಲ ಎಂದು ಸಾಧಿಸಿದರು. ಡಾಕ್ಟರಮ್ಮ ಬಳೆ ಸರಿಸಿ ನೋಡಿದರೆ ಅಲ್ಲಿ ಸಾಲಾಗಿ ಗುಳ್ಳೆ. ಮುಪ್ಪಿನ ತುರಿಕೆ ಅಂದುಕೊಂಡಿದ್ದರಂತೆ, ಪುಣ್ಯಾತ್ಗಿತ್ತಿ. ಹೋದ ಶನಿವಾರ ಮೂವರೂ ಹಚ್ಚಿಕೊಂಡೆವು. ಅವರು ದೇವರ ದೀಪಕ್ಕೆಂದು ಕೈ ತೊಳೆಯುವುದು, ನಾನು ಮತ್ತೆ ಕೈಗೆ ಹಚ್ಚುವುದು, ಇದೇ ಆಯಿತು.

ಡಾಕ್ಟರಮ್ಮನ ಹತ್ತಿರ ಹೋದ ದಿನ ಚಾಮರಾಜನಗರದ ಬಸ್ ಸ್ಟ್ಯಾಂಡಿಗೆ ನಮ್ಮ ಅವ್ವ ಉಡಿಗಾಲದಿಂದ ಬಂದಿದ್ದಳು, ರೊಟ್ಟಿ ಉಚ್ಚೆಳ್ಳು ಚಟ್ನಿ ಕಟ್ಟಿಕೊಂಡು. ಪುಟ್ಟಿಯನ್ನು ಎತ್ತಿಕೊಳ್ಳಲು ಮುಂದೆ ಬಂದರೆ ನಾನೇ ಮಗುವನ್ನು ಹಿಂದಕ್ಕೆ ಎಳೆದುಕೊಂಡೆ. ವಾಸಿಯಾದ ಮೇಲೆ ಬರುತ್ತೇವೆ ಎಂದು ಹೇಳಿ ಬುತ್ತಿಯನ್ನು ಬೆಂಚಿನ ಮೇಲಿಡಿಸಿಕೊಂಡೆ. ಅವಳ ಮುಖ ಸಣ್ಣಗಾಯಿತು. ಬಸ್ಸು ತೆರಕಣಾಂಬಿ ದಾಟುವವರೆಗೂ ನನಗೆ ನಿಮ್ಮ ಜಗಲಿಯೇ ಕಣ್ಣ ಮುಂದೆ. ಪ್ರೀತಿ ಇರುವವರೇ ಹೀಗೆ ದೂರ ನಿಲ್ಲುವುದು ಎಂದು ಆವತ್ತು ಗೊತ್ತಾಯಿತು. ನೀವು ಮುಖ ತಿರುಗಿಸಿದ್ದು ಯಾಕೆಂದು ಗೊತ್ತಾಯಿತು.

ಇನ್ನು ಮುಖ್ಯವಾದದ್ದು. ಹಚ್ಚುವ ದಿನ ಹಾಸಿಗೆ ಬಟ್ಟೆಯನ್ನೆಲ್ಲ ಹಂಡೆಯಲ್ಲಿ ಕುದಿಸಿ ಬಿಸಿಲಿಗೆ ಹಾಕಿದೆ. ಎಲ್ಲಾ ಇತ್ತು, ಮಾವನವರ ಕರಿ ಕಂಬಳಿ ಮಾತ್ರ ಇರಲಿಲ್ಲ. ಕೇಳಿದರೆ ಅವ್ವ ಕಿವಿಗೇ ಹಾಕಿಕೊಳ್ಳಲಿಲ್ಲ. ಪುಟ್ಟಿಯೇ ಅಟ್ಟದ ಕಡೆ ಬೆರಳು ತೋರಿಸಿದಳು. ನಮ್ಮಲ್ಲಿ ಮದುವೆಗೂ ಕಂಬಳಿ, ದೇವರಿಗೂ ಕಂಬಳಿ, ಅದನ್ನು ಯಾರು ಒಗೆಯುತ್ತಾರೆ? "ಕಂಬ್ಳಿಗೆ ಮೈಲ್ಗೆ ಇಲ್ಲ ಕಣವ್ವ" ಎಂದು ಅವರ ವಾದ. ಮೈಲಿಗೆ ಇಲ್ಲದಿರಬಹುದು, ಹುಳ ಇರುತ್ತದಲ್ಲ. ಅಟ್ಟದಲ್ಲಿಟ್ಟಿದ್ದು ಪುಟ್ಟಿಗೆ ಹೇಗೆ ಗೊತ್ತು ಎಂದು ಕೇಳಿದೆ. ಆಗ ಹೊರಬಿತ್ತು ನೋಡಿ. ನೀವು ಕಾಡಿಗೆ ಹೋದ ರಾತ್ರಿಯಿಂದಲೇ ಅವಳು ಅಜ್ಜಿಯ ಮಗ್ಗುಲಲ್ಲಿ ಆ ಕಂಬಳಿಯನ್ನೇ ಸುತ್ತಿಕೊಂಡು ಮಲಗುತ್ತಿದ್ದಳಂತೆ. ನಾನು ಮಿಷನ್ ಹತ್ತಿರ ಇರುವಾಗ ಅಜ್ಜಿ ಮೊಮ್ಮಗಳು ಒಂದೇ ಒಪ್ಪಂದ. ಯಾಕೆ ಮಗ ಎಂದು ಕೇಳಿದರೆ, "ಅಪ್ಪುನ್ ವಾಸ್ನೆ ಬತ್ತದೆ ಕಣವ್ವ" ಅಂದಳು.

ಕೇಳಿಸಿತಾ? ಮುಟ್ಟಿದರೆ ತಟ್ಟುತ್ತದೆ ಎಂದು ನೀವು ಅವಳನ್ನು ಎತ್ತಿಕೊಳ್ಳಲಿಲ್ಲ. ಎತ್ತಿಕೊಳ್ಳದ ಅಪ್ಪನನ್ನು ಅವಳು ಕಂಬಳಿಯಲ್ಲಿ ಹುಡುಕಿಕೊಂಡಳು. ಶಾಪವೂ ಅಲ್ಲ, ನಾಗಪ್ಪನೂ ಅಲ್ಲ. ನೀವು ದೂರ ಇದ್ದರೂ ಬರುವುದು ಬಂದೇ ಬಂತು, ಸುಮ್ಮನೆ ಮಗು ಅಪ್ಪನಿಲ್ಲದೆ ಕೊರಗಿತು. ಇದನ್ನು ಕೇಳಿದ ಮೇಲೆ ಅವ್ವ ತಾವೇ ಕಂಬಳಿ ತಂದುಕೊಟ್ಟರು. ಡಾಕ್ಟರಮ್ಮನಿಗೆ ಫೋನು ಮಾಡಿದೆ. ಮನುಷ್ಯರ ಮೈ ಸಿಗದಿದ್ದರೆ ಹುಳ ನಾಲ್ಕು ದಿನವೂ ಬದುಕುವುದಿಲ್ಲ, ಕುದಿಸಿ ಹಾಳು ಮಾಡಬೇಡಿ ಅಂದರು. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಇಟ್ಟಿದ್ದೇನೆ. ನೀವೂ ಅಲ್ಲಿನ ರಗ್ಗುಗಳನ್ನೆಲ್ಲ ಒಂದು ವಾರ ಹಾಗೇ ಕಟ್ಟಿಡಿ. ಅಲ್ಲಿಯವರೆಗೆ ಹೊದೆಯಲು ಒಗೆದ ಹಳೆಯ ಸೀರೆಗಳನ್ನು ಚೀಲದಲ್ಲಿ ಇಟ್ಟಿದ್ದೇನೆ, ಒಬ್ಬೊಬ್ಬರಿಗೆ ಒಂದೊಂದು. ಹೂವಿನ ಸೀರೆ ಯಾರಿಗೆ ಎಂದು ಜಗಳವಾಡಬೇಡಿ. ಶನಿವಾರ ರಾತ್ರಿ ನಮ್ಮದು ಎರಡನೇ ಸುತ್ತು. ಅದೇ ರಾತ್ರಿ ಕ್ಯಾಂಪಿನವರೂ ಹಚ್ಚಿಕೊಳ್ಳಲಿ, ವಾರ ಬಿಟ್ಟು ಮತ್ತೊಮ್ಮೆ.

ಕಾಡಿನಲ್ಲಿ ಹುಷಾರು. ನಿಮ್ಮ ಅವ್ವ ನಿಮಗೆ ಮಾದಪ್ಪ ಒಳ್ಳೆಯದು ಮಾಡಲಿ ಅಂದಿದ್ದಾರೆ. ಬಾಯಿಬಿಟ್ಟು ಹೇಳದಿದ್ದರೂ ಬಹಳ ನೊಂದಿದ್ದಾರೆ, ನೀವು ಏನೂ ಅನ್ನಬೇಡಿ. ಪುಟ್ಟಿ ಬರೆದ ಆನೆಗೆ ಐದು ಕಾಲಿದೆ, ಅದೂ ನಿಮಗೇ ಅಂತೆ. ಕ್ಯಾಂಪಿನ ಬೋರಯ್ಯಣ್ಣನಿಗೂ ಸೋಮಯ್ಯನಿಗೂ ನನ್ನ ನಮಸ್ಕಾರ ಹೇಳಿ.

ಇಂತಿ,
ನಿಮ್ಮ ದಾರಿ ನೋಡುವ
ಸುಧಾಮಣಿ

ಇನ್ನೊಂದು ಮಾತು: ಮಾದೇವಣ್ಣ ಬಂದು ಬಾಗಿಲಲ್ಲೇ ನಿಂತಿದ್ದಾರೆ, ಬೆಳಿಗ್ಗೆ ಬೇಗ ಹೊರಡಬೇಕಂತೆ, ಚೀಲ ಈಗಲೇ ಕೊಡು ಅನ್ನುತ್ತಿದ್ದಾರೆ. ಅದರಲ್ಲಿ ಟ್ಯೂಬುಗಳು ಮೂವರಿಗೆ ಮಾತ್ರ ಇವೆ, ಶಿವಮಲ್ಲು, ಬೋರಯ್ಯಣ್ಣ, ಸೋಮಯ್ಯ. ಮರೆತೆ ಅಂದುಕೊಂಡು ಹುಡುಕಬೇಡಿ. ನಿಮ್ಮದನ್ನೂ ಕಟ್ಟಿದ್ದೆ, ಆಮೇಲೆ ಬಿಚ್ಚಿ ಈಚೆಗೆ ತೆಗೆದೆ. ಒಂದು ಬೆರಳಗಲವೂ ಬಿಡಬಾರದು ಅಂದಿದ್ದಾರೆ, ಯಾರಿಗೂ ಅವರವರ ಬೆನ್ನು ಎಟುಕುವುದಿಲ್ಲ. ಶಿವಮಲ್ಲು ಹಚ್ಚುತ್ತಾನೆ ಅನ್ನಬೇಡಿ, ಅವನು ನಿಮಗೆ ಶಿವರಾತ್ರಿಯ ರಜೆ ಬಾಕಿ ಉಳಿಸಿಕೊಂಡಿದ್ದಾನೆ, ಅದನ್ನು ತೀರಿಸಲಿ. ನಿಮ್ಮ ಬೆನ್ನಿಗೆ ನಾನು ಹಚ್ಚುತ್ತೇನೆ, ಅಂಗಾಲಿಗೆ ಪುಟ್ಟಿ ಹಚ್ಚುತ್ತಾಳಂತೆ. ಶನಿವಾರ ದೀಪ ಹಚ್ಚುವ ಹೊತ್ತಿಗೆ ಬನ್ನಿ. ಜಗಲಿಯ ಮೇಲೆ ಈ ಸಲ ಹಾಸಿಗೆ ಹಾಸುವುದಿಲ್ಲ.