ಬರಿ ಹಾಳೆಯ ಅಳತೆ

ಸೇಲಂ, ಅಮ್ಮಾಪೇಟೆ
೧೪ ಆಗಸ್ಟ್ ೨೦೨೪

ಪ್ರೀತಿಯ ಮುರುಗೇಶಾ,

ಹೇಗಿದ್ದೀಯಾ? ಬೋರ್‌ವೆಲ್ ಲಾರಿಯಲ್ಲಿ ತಿರುಗಿ ತಿರುಗಿ ಸೊಂಟನೋವು ಹೆಚ್ಚಾಗಿಲ್ಲ ತಾನೆ? ಛತ್ತೀಸ್‌ಗಢದಲ್ಲಿ ಮಳೆಗೆ ರಸ್ತೆ ಕೊಚ್ಚಿಹೋಗಿ ಅಪ್ಪನ ಮುಖ ನೋಡಲು ನಿನಗೆ ಬರಲಾಗಲಿಲ್ಲ. ಅದಕ್ಕೆ ಇಲ್ಲಿ ಯಾರೂ ನಿನ್ನನ್ನು ದೂರಿಲ್ಲ. ಭೂಪತಿ ಚಿಕ್ಕಪ್ಪ ಮುಂದೆ ನಿಂತು ಕಾರ್ಯವೆಲ್ಲ ಮುಗಿಸಿದರು. ಅಮ್ಮ ಎರಡು ಹೊತ್ತು ಉಣ್ಣುತ್ತಾಳೆ, ಮಗ್ಗದ ಕೋಣೆಗೆ ಮಾತ್ರ ಹೋಗುವುದಿಲ್ಲ. ಫೋನಿನಲ್ಲಿ ನೀನೂ ಅಳುತ್ತೀಯಾ, ನಾನೂ ಅಳುತ್ತೇನೆ, ಹೇಳಬೇಕಾದ ಮಾತು ಅಲ್ಲೇ ಉಳಿಯುತ್ತದೆ. ಅದಕ್ಕೇ ಅಪ್ಪ ನಮಗಿಬ್ಬರಿಗೂ ಕಲಿಸಿದ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಲ್ಯಾಬಿನಲ್ಲಿ ಏನು ಮಾಡುತ್ತೀ ಎಂದು ಕೇಳುತ್ತಿದ್ದೆಯಲ್ಲ. ಕೂದಲಿಗಿಂತ ಎಷ್ಟೋ ತೆಳುವಾದ ಕಾರ್ಬನ್ ಹಾಳೆಗೆ ಬೇಕಾದ ವಸ್ತುವನ್ನು ಲೇಪಿಸಿ, ಅದರ ಮೇಲೆ ಕಡಿಮೆ ಶಕ್ತಿಯ ಪ್ರೋಟಾನ್‌ಗಳನ್ನು ಹಾಯಿಸುತ್ತೇವೆ. ಬಹುಪಾಲು ಸುಮ್ಮನೆ ದಾಟಿಹೋಗುತ್ತವೆ. ಎಲ್ಲೋ ಒಂದು ಪರಮಾಣುವಿನ ನಡುವಿನ ಬೀಜಕ್ಕೆ ತಗುಲಿ ಚದುರುತ್ತದೆ, ಇಲ್ಲವೇ ಅದರೊಡನೆ ಕೂಡಿ ಗಾಮಾ ಕಿರಣ ಹೊಮ್ಮಿಸುತ್ತದೆ. ಅವನ್ನು ದಿನಗಟ್ಟಲೆ ಎಣಿಸಬೇಕು. ಹೋದ ವರ್ಷ ಆ ಎಣಿಕೆಯಲ್ಲಿ ಯಾರೂ ಕಂಡಿರದ ಒಂದು ಏರು ಕಂಡಿತು. ಪ್ರಬಂಧ ಅಚ್ಚಾಯಿತು. ಅಪ್ಪ ನೇಕಾರರ ಸೊಸೈಟಿಯಿಂದ ಟೀ ಅಂಗಡಿಯವರೆಗೂ "ನಮ್ ಪ್ರಿಯಾ ಅಣುವೊಳಗೆ ಒಸಾದೊಂದು ಕಂಡಿಡ್ದವ್ಳೆ" ಎಂದು ಸಾರಿಕೊಂಡು ಬಂದ.

ಕಳೆದ ತಿಂಗಳು ಅನುಮಾನ ಬಂದು, ಏನನ್ನೂ ಲೇಪಿಸದ ಬರಿ ಹಾಳೆಯನ್ನು ಇಟ್ಟು ಎಣಿಸಿದೆ. ಅದೇ ಜಾಗದಲ್ಲಿ ಅದೇ ಏರು. ಹಾಳೆ ತಯಾರಿಸುವಾಗ ನನ್ನ ಕೈಯಿಂದಲೇ ಸೇರಿಕೊಂಡ ಫ್ಲೋರಿನ್ ಕಲಬೆರಕೆ ಅದು, ಹೊಸದೇನೂ ಅಲ್ಲ. ಮೊದಲೇ ಮಾಡಬೇಕಿದ್ದ ಅಳತೆ, ಅವಸರಕ್ಕೆ ಬಿಟ್ಟಿದ್ದೆ. ಎಣಿಕೆ ಮುಗಿದ ದಿನವೇ ಅಪ್ಪನಿಗೆ ಎದೆನೋವೆಂದು ಫೋನ್ ಬಂತು. ಆಸ್ಪತ್ರೆ ತಲುಪಿದಾಗ ಅವನು ನನ್ನ ಕೈ ಹಿಡಿದು, "ಕಣ್ಣೂ, ನೀ ಕಂಡಿಡ್ದಿದ್ದು ನಿಲ್ತೈತೆ ಅಲ್ವಾ?" ಎಂದ. "ನಿಲ್ತೈತಪ್ಪಾ" ಎಂದೆ. ಮರುದಿನ ಬೆಳಿಗ್ಗೆ ಹೋಗಿಬಿಟ್ಟ. ಬೀದಿ ಮೂಲೆಯಲ್ಲಿ ಕಟ್ಟಿದ 'ಕಣ್ಣೀರ್ ಅಂಜಲಿ' ಶ್ರದ್ಧಾಂಜಲಿ ಫ್ಲೆಕ್ಸಿನಲ್ಲಿ ಅವನ ಹೆಸರಿನ ಕೆಳಗೆ 'ವಿಜ್ಞಾನಿಯ ತಂದೆ' ಎಂದು ಹಾಕಿಸಿದ್ದರು. ತಲೆ ತಗ್ಗಿಸಿಕೊಂಡು ಅದರ ಮುಂದೆ ನಡೆದೆ.

ನಿನ್ನೆ ಪ್ರಬಂಧವನ್ನು ಹಿಂತೆಗೆದುಕೊಳ್ಳುತ್ತೇನೆಂದು ಬರೆದು ಕಳಿಸಿದೆ. ಎಲ್ಲವನ್ನೂ ಮೊದಲಿನಿಂದ ಅಳೆಯಬೇಕು, ಅಳೆಯುತ್ತೇನೆ. ಆದರೆ ಸಾಯುವ ಅಪ್ಪನಿಗೆ ಹೇಳಿದ ಸುಳ್ಳನ್ನು ಯಾರ ಮುಂದೆ ಹಿಂತೆಗೆದುಕೊಳ್ಳಲಿ, ನೀನೇ ಹೇಳು.

ಹೊತ್ತಿಗೆ ಸರಿಯಾಗಿ ಉಣ್ಣು. ಡ್ರೈವರ್ ಅಶ್ವತ್ಥ್ ಅಣ್ಣನನ್ನು ಕೇಳಿದೆನೆಂದು ಹೇಳು. ತಾಯಿ ಚೌಡೇಶ್ವರಿ ದಾರಿಯುದ್ದಕ್ಕೂ ನಿನ್ನನ್ನು ಕಾಪಾಡಲಿ.

ನಿನ್ನ ಅಕ್ಕ,
ಜಯಪ್ರಿಯಾ

ಮತ್ತೆ: ಕವರ್ ಅಂಟಿಸುವ ಮೊದಲು ತಡೆಯಲಾಗದೆ ಅಮ್ಮನಿಗೂ ಹೇಳಿಬಿಟ್ಟೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ಅವತ್ತು ಆಸ್ಪತ್ರೆಯಲ್ಲಿ ನಾನು ಮಾತ್ರೆ ತರಲು ಹೊರಗೆ ಹೋದ ಕೂಡಲೆ ಅಪ್ಪ ಅವಳಿಗೆ ಹೇಳಿದನಂತೆ: "ಪ್ರಿಯಂದು ಏನೋ ತಪ್ಪೋಗೈತೆ ಚೆಲ್ಲಾ, ಮೊಕದಲ್ಲೇ ಗೊತ್ತಾಯ್ತು. ನಾ ಕೇಳ್ಬಾರ್ದಾಗಿತ್ತು. ಅವ್ಳಾಗೇ ಏಳ್ತಾಳೆ, ಅಲ್ಲೀಗಂಟ ನೀನೂ ಕೇಳ್ಬೇಡ." ಇಷ್ಟು ದಿನ ಅಮ್ಮ ಒಂದು ಮಾತೂ ಕೇಳಿರಲಿಲ್ಲ, ಮುರುಗೇಶಾ.