ಬೆದೆ ಮುಗಿದ ಮೇಲೆ ಜಿಂಕೆ ಹಿಡಿಯುವ ಬಗೆ

ರಿಚರ್ಡ್ಸ್ ಟೌನ್
ಜನವರಿ ೧೮, ಭಾನುವಾರ ಮಧ್ಯಾಹ್ನ

ನನ್ನ ಬಂಗಾರದಂಥ ಸುಜಾತಾ,

ನಿನಗೆ ಏಳು ತಿಂಗಳು ತುಂಬಿತೆಂದು ತಿಳಿದು ಬಹಳ ಸಂತೋಷವಾಯಿತು. ಬಾಣಂತನ ಹೇಗಿರುತ್ತದೆ ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳೋಣವೆಂದರೆ ನನ್ನ ದನಿ ಕೇಳಿದರೆ ಸಾಕು, ಮಗಳು ಅರೀಬಾ ಎದ್ದುಬಿಡುತ್ತಾಳೆ. ಅದಕ್ಕೇ ಈ ಕಾಗದ. ನಾನು ಚೆನ್ನಾಗಿದ್ದೇನೆ. ನಿನ್ನೆ ಹಲ್ಲುಜ್ಜುವ ಬ್ರಷ್ಷಿಗೆ ಮಗುವಿನ ರ‍್ಯಾಶ್ ಕ್ರೀಮ್ ಹಾಕಿಕೊಂಡೆ, ಅಷ್ಟೇ. ರುಚಿ ಪರವಾಗಿಲ್ಲ.

ಹಾಲೂಡಿಸುವಾಗ ತೂಕಡಿಕೆ ಬರದಿರಲಿ ಅಂತ ಫೋನಿನ ಸದ್ದು ತೆಗೆದು ಏನೇನೋ ವಿಡಿಯೋ ನೋಡುತ್ತೇನೆ. ಮೊದಮೊದಲು ಮಗುವಿನ ಬಿಕ್ಕಳಿಕೆ, ಸೀನು, ಮಲದ ಬಣ್ಣ. ಒಂದೊಂದಕ್ಕೂ ಒಂದೊಂದು ಭಯಂಕರ ಕಾಯಿಲೆ ಹೇಳುತ್ತಾರೆ. ಅದನ್ನು ಬಿಟ್ಟು ಮುಂದೆ ಸರಿಸಿದಾಗ ಸಿಕ್ಕವನು ಒಬ್ಬ ಬಿಳಿಗಡ್ಡದ ಮುದುಕ, ಯಾವುದೋ ಹಿಮದ ದೇಶದ ಬೇಟೆಗಾರ. ನಮ್ಮಲ್ಲಿ ಜಿಂಕೆ ಹೊಡೆದರೆ ಜೈಲು, ಅಲ್ಲಿ ಪರವಾನಗಿ ಕೊಡುತ್ತಾರಂತೆ. ಬೆದೆಗಾಲ ಮುಗಿದ ಮೇಲೆ, ಬೇಟೆಯ ಕೊನೆಯ ದಿನಗಳಲ್ಲಿ ಗಂಡು ಜಿಂಕೆಯನ್ನು ಹುಡುಕುವುದು ಹೇಗೆಂದು ಹೇಳಿಕೊಡುತ್ತಾನೆ. ಆಗ ಅದಕ್ಕೆ ಹೆಣ್ಣಿನ ಗೊಡವೆಯೇ ಇರುವುದಿಲ್ಲ. ಸೊರಗಿರುತ್ತದೆ, ಬೆದರಿರುತ್ತದೆ, ಹಗಲೆಲ್ಲ ಪೊದೆಯಲ್ಲಿದ್ದು ಹೊತ್ತಿಳಿದ ಮೇಲೆ ತಿನ್ನುವುದಕ್ಕಷ್ಟೇ ಹೊರಬರುತ್ತದೆ. ಬೆನ್ನಟ್ಟಬೇಡಿ, ಮೇವು ಎಲ್ಲಿದೆ ನೋಡಿ ಅನ್ನುತ್ತಾನೆ.

ನನಗೆ ತಕ್ಷಣ ನಮ್ಮ ಯಜಮಾನರು ಫಹೀಮ್ ನೆನಪಾದರು.

ಅವರ ಕನ್ನಡಕದ ಅಂಗಡಿ ಇಂದಿರಾನಗರದಲ್ಲಿದೆಯಲ್ಲ, ಏಳಕ್ಕೆ ಬಾಗಿಲು ಹಾಕುತ್ತಾರೆ. ಮನೆಗೆ ಬರುವುದು ಹತ್ತಕ್ಕೆ. ಕೇಳಿದರೆ ಸ್ಟಾಕ್ ನೋಡ್ತಿದ್ದೆ ಅನ್ನುತ್ತಾರೆ. ಬಡಿಸಿದರೆ ಎರಡೇ ತುತ್ತು. ಅಂಗಿಯಲ್ಲಿ ಹುರಿದ ಈರುಳ್ಳಿಯ ವಾಸನೆ. ಕನ್ನಡಕಕ್ಕೆ ಯಾರಾದರೂ ಈರುಳ್ಳಿ ಹುರಿಯುತ್ತಾರೆಯೇ? ಮೇವು ಎಲ್ಲಿದೆಯೆಂದು ಗೊತ್ತಾಯಿತು: ಶಿವಾಜಿನಗರ, ರಸೆಲ್ ಮಾರ್ಕೆಟ್ ಹಿಂದಿನ ಗಲ್ಲಿ, ನಮ್ಮತ್ತೆ ಬದ್ರುನ್ನೀಸಾ ಅವರ ಅಡುಗೆಮನೆ. ನಾನಿಲ್ಲಿ ಕಣ್ಣು ಮುಚ್ಚದೆ ಒದ್ದಾಡುತ್ತಿದ್ದರೆ ಇವರು ಅಲ್ಲಿ ಉಂಡು ಅಮ್ಮನ ಮಂಚದಲ್ಲಿ ಗೊರಕೆ ಹೊಡೆಯುತ್ತಿದ್ದಾರೆ! ಒಂದೇ ಒಂದು ಹೊತ್ತು ಇವರು ಮಗುವನ್ನು ನೋಡಿಕೊಂಡರೆ ನಾನು ಮತ್ತೆ ಮನುಷ್ಯರ ಲೆಕ್ಕಕ್ಕೆ ಬರುತ್ತೇನೆ. ಇಲ್ಲವಾದರೆ ಮಗುವಿನೊಂದಿಗೆ ಕೋಲಾರಕ್ಕೆ, ಅಮ್ಮನ ಮನೆಗೆ. ಬ್ಯಾಗನ್ನೂ ತುಂಬಿಟ್ಟೆ ಸುಜಿ, ತಮಾಷೆಗಲ್ಲ.

ಶುಕ್ರವಾರ ಸಂಜೆ ಬೇಟೆಗೆ ಹೊರಟೆ. ಬಳೆ ಬಿಚ್ಚಿಟ್ಟೆ, ಅತ್ತರು ಹಚ್ಚಲಿಲ್ಲ. ಅರೀಬಾಳನ್ನು ಎದೆಗೆ ಕಟ್ಟಿಕೊಂಡು ಆಟೋ ಹತ್ತಿದೆ. ನಮ್ಮ ವಾಸನೆ ಜಿಂಕೆಗೆ ಸಿಗದಂತೆ ಗಾಳಿಗೆ ಎದುರಾಗಿ ಹೋಗಬೇಕಂತೆ. ಆ ಗಲ್ಲಿಯಲ್ಲಿ ಗಾಳಿ ಎಲ್ಲಿದೆ, ಬರೀ ಹೊಗೆ. ಮನೆಯ ಕೆಳಗೆ ಕಬಾಬ್ ಸುಡುವ ಕರೀಂ ಚಾಚಾ ನನ್ನನ್ನು ಕಂಡದ್ದೇ (ಅವರ ದಖನಿ ಉರ್ದುವನ್ನು ನಿನಗಾಗಿ ಕನ್ನಡ ಮಾಡುತ್ತಿದ್ದೇನೆ) "ಅರೆ ಬೇಟಿ, ಮಗೂನೂ ಕರ್ಕೊಂಡ್ ಬಂದ್ಬಿಟ್ಯಾ! ಫಹೀಮ್ ಮೇಲೇ ಅವ್ನೆ, ದಿನಾ ಬರ್ತಾನಲ್ಲ!" ಅಂತ ಕೂಗಿದರು. ತುಟಿಗೆ ಬೆರಳಿಟ್ಟು ತೋರಿಸಿದೆ. ಅವರು ಇನ್ನೂ ಜೋರಾಗಿ, "ಯಾಕೆ, ಪಾಪು ಮಲಗಿದ್ಯಾ?" ಅಂದರು.

ಪುಣ್ಯಕ್ಕೆ ಮೇಲೆ ಅತ್ತೆಯ ಬೈಗುಳ ಅದಕ್ಕಿಂತ ಜೋರಾಗಿತ್ತು. ಮೆಟ್ಟಿಲು ಹತ್ತಿ ಬಾಗಿಲ ಸಂದಿಯಿಂದ ಇಣುಕಿದೆ.

ಫಹೀಮ್ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ತೊಡೆಯ ಮೇಲೆ ಐದು ಕಿಲೋ ಗೋಧಿಹಿಟ್ಟಿನ ಪ್ಯಾಕೆಟ್, ಅದಕ್ಕೊಂದು ಉಣ್ಣೆಯ ಟೋಪಿ. ಅದನ್ನು ದುಪಟ್ಟಾದಲ್ಲಿ ಸುತ್ತುತ್ತಿದ್ದರು, ನಾಲಿಗೆ ಕಚ್ಚಿಕೊಂಡು. ಅತ್ತೆ ಸೌಟು ಹಿಡಿದು ಪಕ್ಕದಲ್ಲೇ ನಿಂತು, "ಕತ್ತು ಹಿಡ್ಕೊಳೋ! ಮಗು ಅದು, ಮೂಟೆ ಅಲ್ಲ!" ಅನ್ನುತ್ತಿದ್ದರು.

"ಅಮ್ಮೀ, ಇದು ಮೂಟೇನೇ" ಅಂದರು ಫಹೀಮ್.

ಅಷ್ಟರಲ್ಲಿ ನನ್ನನ್ನು ಕಂಡು ಪ್ಯಾಕೆಟ್ಟನ್ನು ಬೆನ್ನ ಹಿಂದೆ ಬಚ್ಚಿಟ್ಟರು. ಅದು ಒಡೆದು ಪ್ಯಾಂಟೆಲ್ಲ ಹಿಟ್ಟು. ಇದೇನ್ರೀ ಅಂತ ಕೇಳಿದರೆ ತಲೆ ಎತ್ತದೆ, "ನಾನು ಅವಳನ್ನ ಎತ್ಕೊಂಡ್ರೆ ಸಾಕು, ಕತ್ತು ಕತ್ತು ಅಂತ ಕಿರಚಿ ಕಿತ್ಕೊಂಡ್ಬಿಡ್ತೀಯ. ಪೂರ್ತಿ ಕಲ್ತೇ ನಿನ್ ಮುಂದೆ ಎತ್ಕೊಳ್ಳೋಣ ಅಂತ" ಅಂದರು. ನಾನು ಕಿರಚಿದ್ದು ಎಲ್ಲೋ ಒಂದೆರಡು ಸಲ, ಅಷ್ಟೇ ಅಂದೆ. ಅತ್ತೆ, "ದಿನಕ್ಕೆ ಒಂದೆರಡು ಸಲಾನಾ?" ಅಂದರು. "ಬೈಬೇಡ ಬೇಟಿ, ಮೊದಲೆಲ್ಲ ಪ್ಯಾಕೆಟ್ ಒಡೀತಾ ಇದ್ದ. ನಮ್ಮನೇಲಿ ಈಗ ಬರೀ ಚಪಾತಿ."

ಎದೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಅರೀಬಾಳನ್ನು ಅವರ ಕೈಗೆ ಕೊಟ್ಟೆ. ಕತ್ತು ಅಂತ ಕಿರಚದಂತೆ ತುಟಿ ಕಚ್ಚಿ ಹಿಡಿದೆ. ಅವರು ಕತ್ತಿಗೆ ಕೈ ಕೊಟ್ಟು ಎಷ್ಟು ಅಂದವಾಗಿ ಸುತ್ತಿದರೆಂದರೆ, ಆ ಹುಡುಗಿ ಒಮ್ಮೆ ಆಕಳಿಸಿ ಮಲಗಿಯೇಬಿಟ್ಟಳು. ನನಗೆ ಸ್ವಲ್ಪ ಹೊಟ್ಟೆಯೂ ಉರಿಯಿತು.

ಮನೆಗೆ ಬಂದು ಬ್ಯಾಗು ಬಿಚ್ಚಿಟ್ಟೆ. ಇಂದು ಊಟವಾದ ಮೇಲೆ ಸಂಜೆಯವರೆಗೆ ಮಗು ಅವರದು, ನಿದ್ದೆ ನನ್ನದು ಎಂದು ಒಪ್ಪಂದವಾಗಿದೆ. ನಿನ್ನ ರಾಮು ಕೈಗೂ ಈಗಲೇ ಒಂದು ಪ್ಯಾಕೆಟ್ ಹಿಟ್ಟು ಕೊಡು. ಹೆದರಬೇಡ, ಎಲ್ಲ ಚೆನ್ನಾಗಿರುತ್ತದೆ.

ಹಾಯಾಗಿ ಮಲಗಿ ಎದ್ದಿರುವ,
ನಿನ್ನ ನಾಜಿಶ್

ತಾ.ಕ.: ಮೇಲಿನ ಸಾಲು ಸುಳ್ಳು. ನಾನೇ ಹೇಳಿ ಕೋಣೆಗೆ ಹೊರಗಿನಿಂದ ಚಿಲಕ ಹಾಕಿಸಿಕೊಂಡಿದ್ದೇನೆ, ಆದರೂ ಕಣ್ಣು ಮುಚ್ಚಿಲ್ಲ. ನಡುಮನೆಯಲ್ಲಿ ಬಹಳ ಹೊತ್ತಿನಿಂದ ಸದ್ದಿರಲಿಲ್ಲ. ತಡೆಯಲಾರದೆ ಬಾಗಿಲಿಗೆ ಬಾಯಿಟ್ಟು, ಉಸಿರಾಡ್ತಿದಾಳೇನ್ರೀ ಅಂತ ಮೆಲ್ಲಗೆ ಕೇಳಿದೆ. ಬಾಗಿಲಿನ ಆಚೆಯಿಂದಲೇ, ತೀರ ಹತ್ತಿರದಿಂದ, "ಆಡ್ತಿದಾಳೆ. ಆಗ್ಲಿಂದ ಅದನ್ನೇ ನೋಡ್ತಾ ಕೂತಿದೀನಿ, ಕಣ್ಣು ಮಿಟುಕಿಸೋಕೂ ಭಯ ಆಗ್ತಿದೆ" ಅಂದರು. ಈಗ ನನಗೆ ನಿದ್ದೆ ಬರುತ್ತಿದೆ.